ಮೂರು ಗಾಲಿಯ ಮೇಲೊಂದು ನೆನಪು

ನಮ್ಮ ಮನೆತನಗಳಲ್ಲಿ ಪ್ರವಾಸವೆಂದರೆ ಬಹುಮಟ್ಟಿಗೆ ಕ್ಷೇತ್ರದರ್ಶನವೇ. ಕೂಡಲಸಂಗಮ, ಬಸವಕಲ್ಯಾಣ, ಉಳವಿ, ಶ್ರೀಶೈಲ, ಹೀಗೆ ಒಂದು ಗದ್ದುಗೆಯಿಂದ ಇನ್ನೊಂದು ಗದ್ದುಗೆಗೆ ಹೋಗಿಬರುವುದನ್ನೇ ನಾವು ಪ್ರವಾಸವೆಂದು ಕರೆಯುತ್ತ ಬಂದಿದ್ದೇವೆ. ನಾನು ಇದುವರೆಗೆ ಬರೆದಿರುವ ಪ್ರವಾಸ ಲೇಖನಗಳೂ ಅಂಥವೇ. ಈ ಸಲ ಬರೆಯಹೊರಟಿರುವುದು ಒಬ್ಬ ಚಲನಚಿತ್ರ ನಟರ ವಿಷಯ. ಅವರು ಬದುಕಿದ್ದಾಗ ಅವರ ಒಂದೇ ಒಂದು ಚಿತ್ರವನ್ನೂ ನಾನು ನೋಡಿದವನಲ್ಲ. ಮಠದ ಪಾಠಶಾಲೆಯಲ್ಲಿ ಬೆಳೆದ ನಮಗೆ ಚಿತ್ರಮಂದಿರದ ಬಾಗಿಲು ಮುಚ್ಚಿದ್ದಿತು. ಅದು ಮುಚ್ಚಿದ್ದುದಕ್ಕೆ ಆ ವಯಸ್ಸಿನಲ್ಲಿ ನನಗೆ ಹೆಮ್ಮೆಯೂ ಇದ್ದಿತು. ವಾಚಕರು ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಪ್ರಾರ್ಥನೆ.

ನನ್ನ ಮಗಳ ಮಗ ಮೂಡುಬಿದಿರೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಓದುತ್ತಿದ್ದಾನೆ. ದಾವಣಗೆರೆ, ಹಾವೇರಿ, ಬಾಗಲಕೋಟೆ, ಕಲಬುರಗಿ ಕಡೆಯ ನಮ್ಮ ಎಷ್ಟೋ ಮನೆಗಳ ಮಕ್ಕಳು ಈಗ ಮೂಡುಬಿದಿರೆ, ಉಜಿರೆಗಳ ವಿದ್ಯಾರ್ಥಿನಿಲಯಗಳಲ್ಲಿರುವುದು ವಾಚಕರಿಗೆ ತಿಳಿದ ಸಂಗತಿಯೇ. ದೀಪಾವಳಿಗೆ ಬಂದು ಹಿಂತಿರುಗಿದ ಹುಡುಗ ಹೊದಿಕೆಯನ್ನೂ ಎರಡು ಪುಸ್ತಕಗಳನ್ನೂ ಮನೆಯಲ್ಲೇ ಮರೆತಿದ್ದ. ಅವನ್ನು ತಲುಪಿಸುವ ನೆಪದಲ್ಲಿ ಕಳೆದ ನವೆಂಬರಿನಲ್ಲಿ ಹೊರಟೆ. ಬಂಟ್ವಾಳದಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ನೆಲೆಸಿದ್ದಾರೆ. ಮೊದಲು ಅವರನ್ನು ಕಂಡು, ಬೆಳ್ತಂಗಡಿಯಲ್ಲಿ ಒಂದು ರಾತ್ರಿ ತಂಗಿ, ವೇಣೂರಿನ ಮೇಲೆ ಮೂಡುಬಿದಿರೆಗೆ ಹೋಗುವುದೆಂದು ನಿಶ್ಚಯಿಸಿದ್ದೆ. ಕನ್ನಡ ಪಾಠ ಹೇಳಿಯೇ ನಿವೃತ್ತನಾದ ನನಗೆ ಆ ದಾರಿಯ ಮೇಲೆ ಬೇರೊಂದು ಆಸೆಯೂ ಇದ್ದಿತು. ಬಂಟ್ವಾಳ ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ ಊರು. ಮೂಡುಬಿದಿರೆ ರತ್ನಾಕರವರ್ಣಿಯ ಊರು. ಈ ಇಬ್ಬರನ್ನು ಕುರಿತು ಒಂದು ಲೇಖನವಾದೀತೆಂದು ಟಿಪ್ಪಣಿ ಪುಸ್ತಕವನ್ನೂ ಚೀಲಕ್ಕೆ ಹಾಕಿಕೊಂಡಿದ್ದೆ. ಆ ಲೇಖನ ಬರೆಯಲಾಗಲಿಲ್ಲ.

ರಾತ್ರಿ ಬಸ್ಸು ನನ್ನನ್ನು ಬಿ.ಸಿ. ರೋಡಿನಲ್ಲಿ ಇಳಿಸಿದಾಗ ಇನ್ನೂ ನಸುಕು. ಬಂಟ್ವಾಳ ಕ್ರಾಸ್ ರೋಡ್ ಎಂಬುದೇ ಜನರ ಬಾಯಲ್ಲಿ ಬಿ.ಸಿ. ರೋಡ್ ಆಗಿದೆ. ಮಂಗಳೂರಿನಿಂದ ಸುಮಾರು 25 ಕಿಲೋಮೀಟರು. ಬೆಂಗಳೂರಿನ ಹೆದ್ದಾರಿಯೂ ಚಾರ್ಮಾಡಿ ಘಾಟಿಯ ಹೆದ್ದಾರಿಯೂ ಇಲ್ಲಿ ಕವಲೊಡೆಯುತ್ತವೆ. ಹಳೆಯ ಬಂಟ್ವಾಳ ಪೇಟೆ ನೇತ್ರಾವತಿಯ ದಡದಲ್ಲಿ ಸ್ವಲ್ಪ ಒಳಕ್ಕಿದೆ. ನಮ್ಮ ಕಡೆ ಆಟೋ ಎನ್ನುವುದಕ್ಕೆ ಇಲ್ಲಿ ರಿಕ್ಷಾ ಎನ್ನುತ್ತಾರೆ. ಅವು ನಿಲ್ಲುವ ಸ್ಥಳ ರಿಕ್ಷಾ ಪಾರ್ಕ್. ಅಲ್ಲಿ ಹತ್ತಿಪ್ಪತ್ತು ರಿಕ್ಷಾಗಳು ಸಾಲಾಗಿ ನಿಂತಿದ್ದವು. ಮೊದಲನೆಯದರ ಮುಂಗಾಜಿನ ಒಳಗೆ, ದೇವರ ಪಟಕ್ಕಿಂತ ಒಂದು ಅಂಗೈ ಕೆಳಗೆ, ಗಡ್ಡಧಾರಿ ತರುಣನೊಬ್ಬನ ನಗುವ ಭಾವಚಿತ್ರ. ಅದಕ್ಕೆ ಹೊಸದಾಗಿ ಕಟ್ಟಿದ ಸೇವಂತಿಗೆ ಮಾಲೆ ಹಾಕಿದ್ದರು.

ಚಾಲಕ ಇಪ್ಪತ್ತೈದು ಇಪ್ಪತ್ತಾರು ವರ್ಷದವನು. ನನ್ನ ಹಣೆಯ ವಿಭೂತಿಯನ್ನೂ ಕೈಚೀಲವನ್ನೂ ನೋಡಿ, "ಎಲ್ಲಿಗೆ ಹೋಗ್ಬೇಕು ಸ್ವಾಮಿ?" ಎಂದ. ಹೇಳಿ ಕುಳಿತುಕೊಂಡೆ. ಗಾಡಿ ಹೊರಟ ಮೇಲೆ ಮಾಲೆಯತ್ತ ಬೆರಳು ತೋರಿಸಿ, ಇದೇನೆಂದು ಕೇಳಿದೆ.

"ಇವತ್ತು ಒಂಬತ್ತನೇ ತಾರೀಕಲ್ವಾ ಮಾರಾಯ್ರೆ, ಶಂಕ್ರಣ್ಣನ ಹುಟ್ಟಿದ ದಿನ."

ಶಂಕರ್ ನಾಗ್ ಹುಟ್ಟಿದ್ದು 1954ರ ನವೆಂಬರ್ 9ರಂದು. ತೀರಿಕೊಂಡದ್ದು 1990ರ ಸೆಪ್ಟೆಂಬರ್ 30ರಂದು. ಮೂವತ್ತಾರು ತುಂಬಲು ಇನ್ನೂ ನಲವತ್ತು ದಿನಗಳಿದ್ದವು. ಮಾಲೆ ಹಾಕಿದ ಹುಡುಗ ಅವರು ಸತ್ತು ಏಳೆಂಟು ವರ್ಷಗಳಾದ ಮೇಲೆ ಹುಟ್ಟಿದವನು. "ಹಾಗಾದರೆ ನೀನು ಅವರ ಸಿನಿಮಾಗಳನ್ನು ನೋಡಿದ್ದೀಯಾ?" ಎಂದೆ. "ಒಂದೆರಡು ಮೊಬೈಲಲ್ಲಿ. ಈ ಗಾಡಿ ಅಪ್ಪನ ಕಾಲದ್ದು, ಫೋಟೋ ಸಹ ಅಪ್ಪನದ್ದು. ತೆಗೀಲಿಕ್ಕೆ ಮನಸ್ಸು ಬರ್ಲಿಲ್ಲ," ಎಂದ. ಮಿತ್ರರ ಮನೆ ಬಂದಿತು. ಬಾಡಿಗೆ ಎಷ್ಟೆಂದು ಕೇಳಿದರೆ ಮೀಟರು ತೋರಿಸಿದ.

ಇಲ್ಲಿ ಆ ವ್ಯಕ್ತಿಯ ವಿಷಯ ನಾಲ್ಕು ಮಾತು ಹೇಳುವುದು ಅಗತ್ಯ. ನಮ್ಮ ಮನೆಗಳ ಹಿರಿಯರಲ್ಲಿ ಅನೇಕರು ನನ್ನಂತೆಯೇ ಅವರನ್ನು ಬರಿಯ ಹೊಡೆದಾಟದ ನಟರೆಂದು ತಿಳಿದವರು. ಶಂಕರ್ ನಾಗ್ ಹೊನ್ನಾವರ ತಾಲ್ಲೂಕಿನ ಮಲ್ಲಾಪುರದವರು, ಮನೆಮಾತು ಕೊಂಕಣಿ. ಓದಿಗೆಂದು ಮುಂಬಯಿಗೆ ಹೋಗಿ ಅಲ್ಲಿ ಮರಾಠಿ ರಂಗಭೂಮಿಯಲ್ಲಿ ಬೆಳೆದರು. ಗಿರೀಶ ಕಾರ್ನಾಡರು 1978ರಲ್ಲಿ ನಿರ್ದೇಶಿಸಿದ 'ಒಂದಾನೊಂದು ಕಾಲದಲ್ಲಿ' ಚಿತ್ರದಿಂದ ಕನ್ನಡಕ್ಕೆ ಬಂದರು. ಆ ಪಾತ್ರಕ್ಕೆ 1979ರ ದೆಹಲಿಯ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂದಿತು. ಅಲ್ಲಿಂದ ಹನ್ನೆರಡೇ ವರ್ಷ. ಅಷ್ಟರಲ್ಲಿ 80ಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. 'ಮಿಂಚಿನ ಓಟ', 'ಆಕ್ಸಿಡೆಂಟ್', 'ಒಂದು ಮುತ್ತಿನ ಕಥೆ' ಮೊದಲಾದವನ್ನು ತಾವೇ ನಿರ್ದೇಶಿಸಿದರು. ಕನ್ನಡ ಚಿತ್ರಗಳ ಧ್ವನಿಮುದ್ರಣಕ್ಕೆ ಮದ್ರಾಸಿಗೆ ಓಡಬೇಕಾಗಿದ್ದ ಕಾಲದಲ್ಲಿ ಬೆಂಗಳೂರಿನಲ್ಲಿ ಸಂಕೇತ್ ಧ್ವನಿಮುದ್ರಣ ಕೇಂದ್ರವನ್ನು ಕಟ್ಟಿದರು. 'ಸಂಕೇತ್' ಎಂಬ ನಾಟಕ ತಂಡವನ್ನು ನಡೆಸಿದರು. ಬೆಂಗಳೂರಿಗೆ ಮೆಟ್ರೋ ರೈಲು ಬೇಕು, ನಂದಿಬೆಟ್ಟಕ್ಕೆ ತೂಗುರೊಪ್ಪದ ದಾರಿ ಬೇಕು ಎಂದು ಓಡಾಡಿದರು. ಬೆಂಗಳೂರಿನಲ್ಲಿ ಮೆಟ್ರೋ ಓಡಿದ್ದು 2011ರಲ್ಲಿ.

ಆಟೋ ಚಾಲಕರಿಗೂ ಅವರಿಗೂ ನಂಟು ಬೆಳೆದದ್ದು 1980ರ 'ಆಟೋ ರಾಜ' ಚಿತ್ರದಿಂದ. ಅದನ್ನು ನಿರ್ದೇಶಿಸಿದವರು ವಿಜಯ್. ಶಂಕರ್ ನಾಗ್ ಅದರಲ್ಲಿ ಆಟೋ ಚಾಲಕ. ಚಿತ್ರ ದೊಡ್ಡ ಕಲಾಕೃತಿಯೇನಲ್ಲವೆಂದು ಬಲ್ಲವರು ಹೇಳುತ್ತಾರೆ; ಈಚೆಗೆ ನೋಡಿದ ಮೇಲೆ ನನಗೂ ಹಾಗೆಯೇ ಅನಿಸಿತು. ಆದರೆ ಖಾಕಿ ಅಂಗಿ ತೊಟ್ಟು ಮೂರು ಗಾಲಿಯ ಗಾಡಿ ನಡೆಸುವವನು ಪರದೆಯ ಮೇಲೆ ನಾಯಕನಾಗಿ ನಿಂತದ್ದನ್ನು ಆ ಕಸುಬಿನವರು ಮರೆಯಲಿಲ್ಲ. ಅದುವರೆಗೆ ಚಿತ್ರಗಳ ನಾಯಕನು ರೈತನಾಗಿದ್ದ, ರಾಜನಾಗಿದ್ದ, ಕಾರಿನಲ್ಲಿ ಬರುವ ಸಾಹುಕಾರನ ಮಗನಾಗಿದ್ದ. ರಾತ್ರಿ ಹೊತ್ತು ಹೆರಿಗೆ ನೋವಿನ ಹೆಂಗಸನ್ನು ಆಸ್ಪತ್ರೆಗೆ ಮುಟ್ಟಿಸಿ, ಬೆಳಿಗ್ಗೆ ಬಾಡಿಗೆಯ ಜಗಳದಲ್ಲಿ ಬೈಸಿಕೊಳ್ಳುವ ಈ ಮನುಷ್ಯನನ್ನು ಯಾರೂ ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಇಂದು ಕರ್ನಾಟಕದ ಊರೂರಲ್ಲಿ ಶಂಕರ್ ನಾಗ್ ಆಟೋ ನಿಲ್ದಾಣಗಳಿವೆ. ಅವುಗಳ ಫಲಕಗಳಿಗೆ ದುಡ್ಡು ಕೊಟ್ಟವರು ಹೆಚ್ಚಾಗಿ ಚಾಲಕರೇ.

ಬಂಟ್ವಾಳದ ಮಿತ್ರರು ಜಾನಪದದಲ್ಲಿ ಆಸಕ್ತಿಯುಳ್ಳವರು. ಸ್ನಾನ ಪೂಜೆಗಳಾದ ಮೇಲೆ ಮುಂಜಾನೆಯ ಸಂಗತಿಯನ್ನು ಅವರಿಗೆ ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಇದು ತುಳುನಾಡು. ಅರ್ಧದಲ್ಲಿ ಹೋದವರನ್ನು ಇಲ್ಲಿಯವರು ಸುಲಭಕ್ಕೆ ಬಿಟ್ಟುಕೊಡುವವರಲ್ಲ. ಸಂಜೆ ಪಣೋಲಿಬೈಲಿಗೆ ಹೋಗುವ, ನಿಮಗೇ ಗೊತ್ತಾಗುತ್ತದೆ," ಎಂದರು.

ಪಣೋಲಿಬೈಲು ಬಂಟ್ವಾಳ ತಾಲ್ಲೂಕಿನಲ್ಲಿರುವ ಕಲ್ಲುರ್ಟಿಯ ಕ್ಷೇತ್ರ. ನಾವು ಹೋದಾಗ ಹೊರಗೆ ರಿಕ್ಷಾಗಳ ಸಾಲೇ ನಿಂತಿತ್ತು. ಕಲ್ಲುರ್ಟಿ ಯಾರೆಂದು ಘಟ್ಟದ ಮೇಲಿನ ವಾಚಕರಿಗೆ ತಿಳಿಯದಿರಬಹುದು. ಪಾಡ್ದನವೆಂಬ ತುಳು ಹಾಡುಗಬ್ಬದಲ್ಲಿ ಬರುವ ಕಥೆ ಇದು. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಬೀರ ಕಲ್ಕುಡ. ಕೆಲಸ ಮುಗಿದ ಮೇಲೆ, ಇಂಥದು ಇನ್ನೊಂದು ಊರಿನಲ್ಲಿ ಆಗಬಾರದೆಂದು ಅರಸನು ಅವನ ಒಂದು ಕೈಯನ್ನೂ ಒಂದು ಕಾಲನ್ನೂ ಕಡಿಸಿಬಿಟ್ಟ. ಕಲ್ಕುಡ ಕುಂಟುತ್ತ ವೇಣೂರಿಗೆ ಬಂದು, ಉಳಿದ ಒಂದೇ ಕೈಯಿಂದ ಅಲ್ಲಿನ ಗೊಮ್ಮಟನನ್ನು ಕಡೆದ. ಅವನ ತಂಗಿ ಕಲ್ಲುರ್ಟಿ. ಅಣ್ಣನಿಗಾದ ಅನ್ಯಾಯವನ್ನು ಸಹಿಸದೆ ಇಬ್ಬರೂ ದೈವಗಳಾಗಿ ಅರಸನ ಮೇಲೆ ಸೇಡು ತೀರಿಸಿಕೊಂಡರು. ಕೋಟಿ ಚೆನ್ನಯರೂ ಇಂಥವರೇ. ಎಳೆಯ ವಯಸ್ಸಿನಲ್ಲಿ ಕಾಳಗದಲ್ಲಿ ಬಿದ್ದ ಆ ಅವಳಿ ಸೋದರರ ಗರಡಿಗಳು ತುಳುನಾಡಿನ ಉದ್ದಗಲಕ್ಕೂ ಇವೆ.

ಚರಿತ್ರೆಯ ಲೆಕ್ಕ ಹಿಡಿದರೆ ಕಲ್ಕುಡನ ಕಥೆ ನಿಲ್ಲುವುದಿಲ್ಲ. ಕಾರ್ಕಳದ ಮೂರ್ತಿ ನಿಂತದ್ದು 1432ರಲ್ಲಿ, ವೇಣೂರಿನದು 1604ರಲ್ಲಿ. ನಡುವೆ 172 ವರ್ಷ. ಒಬ್ಬನೇ ಶಿಲ್ಪಿ ಎರಡನ್ನೂ ಕಡೆದಿರಲಾರ. ಇದನ್ನು ನಾನು ಸ್ವಲ್ಪ ಪಾಂಡಿತ್ಯದ ಗತ್ತಿನಿಂದಲೇ ಹೇಳಿದೆ. ಮಿತ್ರರು ನಕ್ಕು, "ಹೌದು. ಅರಸರ ಹೆಸರು ಶಾಸನದಲ್ಲಿ ಉಂಟು. ಕಲ್ಲು ಕಡಿದವನ ಹೆಸರನ್ನು ಇಟ್ಟುಕೊಂಡದ್ದು ಮಾತ್ರ ನೇಜಿ ನೆಡುವ ಹೆಂಗಸರು," ಎಂದರು. ಮುಂದೆ ವಾದಿಸಲು ನನ್ನಲ್ಲಿ ಏನೂ ಉಳಿಯಲಿಲ್ಲ.

ನಟನನ್ನು ಯಾರೂ ದೈವ ಮಾಡಿಲ್ಲ, ಮಾಡಲೂಬಾರದು. ಸತ್ತ ನಟರ ಪಟಕ್ಕೆ ಹಾಲೆರೆಯುವುದನ್ನು ನಾನು ಇಂದಿಗೂ ಒಪ್ಪುವವನಲ್ಲ. ಹಾಗೆ ಎರೆದ ಹಾಲು ಒಂದು ಮಗುವಿನ ಹೊಟ್ಟೆಗೆ ಹೋಗಬಹುದಿತ್ತೆಂದು ಹೇಳಿ ಅನೇಕ ಸಭೆಗಳಲ್ಲಿ ಯುವಕರ ಅಸಮಾಧಾನಕ್ಕೆ ಗುರಿಯಾಗಿದ್ದೇನೆ. ಆದರೆ ಬಿ.ಸಿ. ರೋಡಿನ ಹುಡುಗನ ಮಾಲೆ ಹಾಲಿನ ಅಭಿಷೇಕವಲ್ಲ. ಅದು ಮನೆಯ ಹಿರಿಯರೊಬ್ಬರ ಪಟಕ್ಕೆ ಹಾಕುವ ಮಾಲೆಯಂತಿತ್ತು.

ಮರುದಿನ ಬೆಳ್ತಂಗಡಿಯ ಬಸ್ಸು ಹತ್ತಿದೆ. ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ. ದಾರಿಯ ಎರಡೂ ಕಡೆ ಅಡಿಕೆ ತೋಟ, ರಬ್ಬರು, ನಡುನಡುವೆ ಕೆಂಪು ಮಣ್ಣಿನ ದರೆ. ಬೆಳ್ತಂಗಡಿ ಸಮೀಪಿಸುತ್ತಿದ್ದಂತೆ ಗಡಾಯಿಕಲ್ಲು ಒಂದೇ ಬೃಹತ್ ಬಂಡೆಯಾಗಿ ಎದ್ದು ನಿಲ್ಲುತ್ತದೆ. 1794ರಲ್ಲಿ ಟಿಪ್ಪು ಸುಲ್ತಾನ್ ಅದರ ಮೇಲೆ ಕೋಟೆ ಕಟ್ಟಿಸಿ ತಾಯಿಯ ಹೆಸರಿನಲ್ಲಿ ಜಮಾಲಾಬಾದ್ ಎಂದು ಕರೆದ. ಜನ ಇಂದಿಗೂ ಗಡಾಯಿಕಲ್ಲು ಎಂದೇ ಕರೆಯುತ್ತಾರೆ. ಈ ತಾಲ್ಲೂಕಿಗೆ ಸೇರಿದ ಧರ್ಮಸ್ಥಳದಲ್ಲಿ 39 ಅಡಿಯ ಬಾಹುಬಲಿಯಿದೆ. ರೆಂಜಾಳ ಗೋಪಾಲ ಶೆಣೈ ಕಾರ್ಕಳದಲ್ಲಿ ಕಡೆದ ಆ ಮೂರ್ತಿಯನ್ನು 1973ರಲ್ಲಿ ಧರ್ಮಸ್ಥಳಕ್ಕೆ ಸಾಗಿಸಿ, 1982ರಲ್ಲಿ ಪ್ರತಿಷ್ಠಾಪಿಸಿದರು. ಈ ಶಿಲ್ಪಿಗೆ ಕಲ್ಕುಡನ ಗತಿಯಾಗಲಿಲ್ಲ. ಹೆಸರು ಉಳಿದಿದೆ, ಗೌರವವೂ ದೊರೆಯಿತು. ಕಾಲ ಅಷ್ಟಾದರೂ ಬದಲಾಗಿದೆ.

ಬೆಳ್ತಂಗಡಿಯ ಬಸ್ ನಿಲ್ದಾಣದ ಬಳಿ ನನಗೆ ದೊರೆತ ರಿಕ್ಷಾದಲ್ಲಿ ಎರಡು ಚಿತ್ರಗಳಿದ್ದವು. ಮುಂದೆ ಶಂಕರ್ ನಾಗ್. ಹಿಂಬದಿಯ ಪರದೆಯ ಮೇಲೆ ನಗುವ ಪುನೀತ್ ರಾಜಕುಮಾರ್. ಚಾಲಕ ನಲವತ್ತೈದರ ಸುಮಾರಿನವನು, ಗಡ್ಡಕ್ಕೆ ಅಲ್ಲಲ್ಲಿ ನರೆ. ಕನ್ನಡಿಯ ಕೆಳಗೆ ಅರ್ಧಚಂದ್ರದ ಗುರುತು. ಮನೆಯಲ್ಲಿ ಬ್ಯಾರಿ ಮಾತು, ಪೇಟೆಯಲ್ಲಿ ತುಳು, ನನ್ನೊಡನೆ ಅಚ್ಚುಕಟ್ಟಾದ ಕನ್ನಡ. ಕೊಂಕಣಿ ಮನೆಮಾತಿನ ನಟ ಈ ಬ್ಯಾರಿ ಮಾತಿನವನ ಗಾಡಿಯಲ್ಲಿ ಕನ್ನಡದ ಮೂಲಕವೇ ಕುಳಿತಿದ್ದರು. ಕನ್ನಡದ ಬಗ್ಗೆ ನಾವು ವೇದಿಕೆಗಳ ಮೇಲೆ ಆಡುವ ಮಾತುಗಳಿಗಿಂತ ಇದು ನನಗೆ ಹೆಚ್ಚು ಹಿತವೆನಿಸಿತು.

"ಹಿಂದೆ ಇರುವುದು ಮಗನಿಗೆ ಇಷ್ಟ ಅಂತ. ಮುಂದೆ ಇರುವುದು ನನ್ನದು," ಎಂದ. ಸ್ವಲ್ಪ ದೂರ ಹೋದ ಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡುತ್ತ ಕೇಳಿದ: "ನಿಮ್ಮ ಊರು ದಾವಣಗೆರೆ ಕಡೆ ಅಂದ್ರಿ. ಅವರು ತೀರಿದ್ದು ಅಲ್ಲೇ ಹತ್ತಿರ ಅಲ್ವಾ? ನೀವು ಆಗ ಅಲ್ಲಿ ಇದ್ದಿರಾ?"

ಇದ್ದೆ ಎಂದೆ. ಮತ್ತೇನೂ ಹೇಳಲಿಲ್ಲ. ಆ ದಿನದ ಮಿಕ್ಕ ಹೊತ್ತೆಲ್ಲ ಅದೇ ಪ್ರಶ್ನೆ ನನ್ನ ಬೆನ್ನ ಹಿಂದೆ ಬಂದಿತು. ಇಷ್ಟು ವರ್ಷ ಯಾರೊಡನೆಯೂ ಆಡದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

1990ರಲ್ಲಿ ನಾನು ಮಠವೊಂದರ ಪ್ರಸಾದನಿಲಯದ ಮೇಲ್ವಿಚಾರಕನಾಗಿದ್ದೆ. ವಯಸ್ಸು ಮೂವತ್ತರ ಆಚೀಚೆ. ಎಪ್ಪತ್ತು ಎಂಬತ್ತು ಹುಡುಗರು. ಸೆಪ್ಟೆಂಬರ್ 30 ಭಾನುವಾರ. 'ಜೋಕುಮಾರಸ್ವಾಮಿ' ಚಿತ್ರದ ಚಿತ್ರೀಕರಣಕ್ಕೆಂದು ಲೋಕಾಪುರದತ್ತ ಹೊರಟಿದ್ದ ಶಂಕರ್ ನಾಗರ ಕಾರು ನಸುಕಿನಲ್ಲಿ ದಾವಣಗೆರೆಯ ಸಮೀಪ ಆನಗೋಡಿನ ಬಳಿ ಅಪಘಾತಕ್ಕೀಡಾಯಿತು. ಅವರು ತೀರಿಕೊಂಡರು. ಪತ್ನಿ ಅರುಂಧತಿ ನಾಗ್ ತೀವ್ರವಾಗಿ ಗಾಯಗೊಂಡರು. ಸುದ್ದಿ ಗಾಳಿಯಂತೆ ಹಬ್ಬಿತು. ಬೆಳಗಿನ ಸಾಮೂಹಿಕ ಪ್ರಾರ್ಥನೆಯ ಹೊತ್ತಿಗೆ ಏಳು ಜನ ಹುಡುಗರು ಇರಲಿಲ್ಲ. ಅಪ್ಪಣೆಯಿಲ್ಲದೆ ಹೆದ್ದಾರಿಗೆ ಹೋಗಿ, ಯಾವುದೋ ಲಾರಿ ಹತ್ತಿ ಆನಗೋಡಿಗೆ ಹೋಗಿದ್ದರು. ಸಂಜೆ ಬಂದರು. ಧೂಳು ಮೆತ್ತಿದ ಮುಖ, ಅತ್ತ ಕಣ್ಣು.

ನಾನು ಅವರನ್ನು ಸಾಲಾಗಿ ನಿಲ್ಲಿಸಿದೆ. ಒಬ್ಬ ನಟ ಸತ್ತರೆ ಇಷ್ಟು ದುಃಖವೇ, ನಿಮ್ಮ ತಂದೆ ತಾಯಿಗಳು ಹೊಟ್ಟೆ ಕಟ್ಟಿ ಕಳಿಸಿದ್ದು ಇದಕ್ಕೇ ಏನು, ಎಂದು ಕೇಳಿದೆ. ಆರು ಜನ ತಲೆ ತಗ್ಗಿಸಿ ತಪ್ಪಾಯಿತೆಂದರು. ಏಳನೆಯವನು ಹುಬ್ಬಳ್ಳಿ ಕಡೆಯ ಹುಡುಗ, ಒಂಬತ್ತನೆಯ ತರಗತಿ. ಅವನು ತಲೆ ಎತ್ತಿಯೇ ಹೇಳಿದ: "ಗುರುಗಳ, ನಮ್ಮಪ್ಪ ಆಟೋ ಹೊಡೀತಾನ್ರಿ. ಅಂಥಾವ್ರಿಗೆ ಒಂದು ಮರ್ಯಾದಿ ಅಂತ ತಂದುಕೊಟ್ಟವ್ರು ಇವ್ರ ನೋಡ್ರಿ."

ನನಗೆ ಸಿಟ್ಟು ಬಂದಿತು. ಬಣ್ಣ ಹಚ್ಚಿಕೊಂಡು ಆಟೋ ನಡೆಸಿದಂತೆ ನಟಿಸುವುದು ಕಾಯಕವಲ್ಲ, ನಿನ್ನ ತಂದೆ ಮಾಡುವುದು ಕಾಯಕ ಎಂದೆ. ಮಾತು ತಪ್ಪಲ್ಲವೆಂದು ಅಂದು ಅನಿಸಿತ್ತು. ಆದರೆ ನಾನು ಆ ಹುಡುಗನ ತಂದೆಯ ಹೆಸರನ್ನಾಗಲಿ ಅವರ ಕಷ್ಟಸುಖವನ್ನಾಗಲಿ ಒಂದು ದಿನವೂ ಕೇಳಿದವನಲ್ಲ. ಪ್ರವೇಶದ ಪಟ್ಟಿಯಲ್ಲಿ 'ಚಾಲಕ' ಎಂದು ಬರೆದುಕೊಂಡಿದ್ದೆ, ಅಷ್ಟೆ. ಆ ರಾತ್ರಿ ಏಳು ಜನರಿಗೂ ಪ್ರಸಾದವಿಲ್ಲವೆಂದು ಅಡುಗೆಮನೆಗೆ ಹೇಳಿ ಕಳಿಸಿದೆ. ಹಸಿದವರಿಗೆ ಅನ್ನವಿಕ್ಕುವುದಕ್ಕೆಂದೇ ಹುಟ್ಟಿದ ಮನೆಯಲ್ಲಿ, ಅತ್ತು ಬಂದ ಮಕ್ಕಳಿಗೆ ಅನ್ನವಿಲ್ಲವೆಂದವನು ನಾನು. ಅಡುಗೆಯ ಮುದುಕಿಯೊಬ್ಬಳು ನನ್ನ ಕಣ್ಣುತಪ್ಪಿಸಿ ಅವರಿಗೆ ರೊಟ್ಟಿ ಕೊಟ್ಟಳೆಂದು ಮರುದಿನ ತಿಳಿಯಿತು. ಅವಳನ್ನು ಗದರಿಸಲಿಲ್ಲ, ಅದೊಂದೇ ನಾನು ಅಂದು ಮಾಡಿದ ಒಳ್ಳೆಯ ಕೆಲಸ. ದೀಪಾವಳಿ ರಜೆಗೆ ಹೋದ ಆ ಹುಬ್ಬಳ್ಳಿ ಹುಡುಗ ಹಿಂತಿರುಗಿ ಬರಲಿಲ್ಲ. ನಾನು ಪತ್ರ ಬರೆಯಬಹುದಾಗಿತ್ತು. ಬರೆಯಲಿಲ್ಲ.

ಇದರಲ್ಲಿ ಇನ್ನೊಂದು ವಿಪರ್ಯಾಸವಿದೆ. ಅದಕ್ಕೂ ಮೂರು ನಾಲ್ಕು ವರ್ಷ ಮೊದಲು, ದೂರದರ್ಶನದಲ್ಲಿ ಆರ್. ಕೆ. ನಾರಾಯಣರ ಕಥೆಗಳನ್ನು ಆಧರಿಸಿದ 'ಮಾಲ್ಗುಡಿ ಡೇಸ್' ಬರುತ್ತಿತ್ತು. ನಿಲಯಕ್ಕೆ ದಾನಿಗಳೊಬ್ಬರು ಕೊಟ್ಟಿದ್ದ ಕಪ್ಪುಬಿಳುಪಿನ ಟಿ.ವಿ.ಯಲ್ಲಿ ನಾನೇ ಹುಡುಗರನ್ನು ಕೂಡಿಸಿ ಅದನ್ನು ತೋರಿಸುತ್ತಿದ್ದೆ. ಸದಭಿರುಚಿಯೆಂದರೆ ಇದು, ನಿಮ್ಮ ಸಿನಿಮಾದವರಿಗೆ ಇಂಥದು ಬರುವುದಿಲ್ಲ ಎನ್ನುತ್ತಿದ್ದೆ. ಅದನ್ನು ನಿರ್ದೇಶಿಸಿದವರು ಶಂಕರ್ ನಾಗ್ ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಹುಡುಗರಿಗೆ ಖಂಡಿತ ತಿಳಿದಿತ್ತು. ಒಬ್ಬನೂ ನನ್ನ ಮುಖದ ಮೇಲೆ ಹೇಳಲಿಲ್ಲ.

ವೇಣೂರಿಗೆ ಗುರುವಾಯನಕೆರೆಯ ಮೇಲೆ ಹೋಗಬೇಕು. ಫಲ್ಗುಣಿ ನದಿಯ ದಡ, ಸಣ್ಣ ಊರು, ಪ್ರಾಕಾರದೊಳಗೆ 35 ಅಡಿಯ ಗೊಮ್ಮಟ. ತಿಮ್ಮಣ್ಣ ಅಜಿಲ ಎಂಬ ಅರಸ ನಿಲ್ಲಿಸಿದ್ದು. 2024ರಲ್ಲಿ ಇಲ್ಲಿ ಮಹಾಮಸ್ತಕಾಭಿಷೇಕ ನಡೆದಾಗ ಲೋಕವೇ ನೆರೆದಿತ್ತಂತೆ. ನಾನು ಹೋದ ಮಧ್ಯಾಹ್ನ ಒಬ್ಬ ಅರ್ಚಕರು, ಎರಡು ನಾಯಿ, ನಾನು. ಮೂರ್ತಿಯ ಮುಖದಲ್ಲಿ ಒಂದು ಸಣ್ಣ ನಗುವಿದೆ. ಅದನ್ನು ಒಂದು ಕೈಯವನು ಕಡೆದನೆಂದು ನಂಬಬಾರದೆಂದು 172 ವರ್ಷದ ಲೆಕ್ಕವನ್ನು ಮತ್ತೆ ಮನಸ್ಸಿಗೆ ತಂದುಕೊಂಡೆ. ಆದರೂ ಕಣ್ಣು ಎಡಗೈ ಬಲಗೈಗಳನ್ನೇ ಹೋಲಿಸಿ ನೋಡುತ್ತಿತ್ತು.

ಮೂಡುಬಿದಿರೆಗೆ ಸಂಜೆ ಮುಟ್ಟಿದೆ. ಮರುದಿನ ಭೇಟಿಯ ವೇಳೆಯವರೆಗೆ ಬಿಡುವಿದ್ದುದರಿಂದ ಸಾವಿರ ಕಂಬದ ಬಸದಿಗೆ ಹೋದೆ. 1430ರ ಕಟ್ಟಡ, ತ್ರಿಭುವನ ತಿಲಕ ಚೂಡಾಮಣಿಯೆಂದು ಹೆಸರು. ಒಂದು ಕಂಬದ ಹಾಗೆ ಇನ್ನೊಂದಿಲ್ಲವೆನ್ನುತ್ತಾರೆ. ನನ್ನ ಮನಸ್ಸು ಹೆಚ್ಚು ನಿಂತದ್ದು ಗುರುಬಸದಿಯ ಬಳಿ. ಧವಲಾ ಗ್ರಂಥಗಳ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಉಳಿದುಬಂದದ್ದು ಈ ಊರಿನಲ್ಲಿ ಮಾತ್ರ. ಹುಳು, ತೇವ, ಬೆಂಕಿ, ಎಲ್ಲದರಿಂದ ಕಾಪಾಡಿಕೊಂಡು ಬಂದವರಿಗೆ ಅವುಗಳ ಲಿಪಿ ಕೂಡ ಓದಲು ಬಾರದ ಕಾಲವೊಂದಿತ್ತು. ಓದಲಾಗದಿದ್ದರೂ ಕಾಪಾಡಿದರು. ಇನ್ನೊಂದೆಡೆ, ನಾಲ್ಕೈದು ದಶಕಗಳ ಹಿಂದಿನ ಎಷ್ಟೋ ಕನ್ನಡ ಚಿತ್ರಗಳ ಒಳ್ಳೆಯ ಪ್ರತಿ ಇಂದು ದೊರೆಯುವುದಿಲ್ಲವೆಂದು ಬಲ್ಲವರು ಹೇಳುತ್ತಾರೆ. ತಾಳೆಗರಿಗಿಂತ ಫಿಲ್ಮು ಅಲ್ಪಾಯುಷಿ. ಈ ಮಾತನ್ನು ನಮ್ಮ ವಿಶ್ವವಿದ್ಯಾನಿಲಯಗಳವರು ಕೇಳಿಸಿಕೊಂಡರೆ ಒಳ್ಳೆಯದು.

(ರತ್ನಾಕರವರ್ಣಿಯ ವಿಷಯ ಒಂದು ಮಾತು. ಅವನು ಜೈನ ಸಮಾಜದ ಮೇಲೆ ಮುನಿದು ಕೆಲಕಾಲ ಲಿಂಗಧಾರಿಯಾಗಿದ್ದನೆಂಬ ಐತಿಹ್ಯವನ್ನು ನಮ್ಮವರು ಉತ್ಸಾಹದಿಂದ ಹೇಳುತ್ತಾರೆ. ಅವನು ಹಿಂತಿರುಗಿದನೆಂದೂ ಅದೇ ಐತಿಹ್ಯ ಹೇಳುತ್ತದೆ, ಅದನ್ನೂ ಹೇಳಬೇಕು.)

ಮೊಮ್ಮಗ ಕಾಲೇಜಿನ ಹೆಬ್ಬಾಗಿಲ ಬಳಿ ಕಾದಿದ್ದ. ಹೊದಿಕೆ, ಪುಸ್ತಕ, ಅವನ ಅಜ್ಜಿ ಕಟ್ಟಿಕೊಟ್ಟ ಚಕ್ಕುಲಿ ಕೊಟ್ಟೆ. ಅವನ ಪೆಟ್ಟಿಗೆಯ ಮುಚ್ಚಳದ ಒಳಗೆ ಪುನೀತ್ ರಾಜಕುಮಾರರ ಚಿತ್ರವಿರುವುದು ಮನೆಯಲ್ಲೆಲ್ಲರಿಗೂ ಗೊತ್ತು. ನಾನು ಅದರ ಬಗ್ಗೆ ಮಾತಾಡಿರಲಿಲ್ಲ. 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ಪುನೀತ್ ತೀರಿಕೊಂಡಾಗ ಇವನು ಶಾಲೆಯ ಹುಡುಗ. ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಅಂದು ನಾನು ಬಯ್ಯಲಿಲ್ಲ. ಪಕ್ಕದಲ್ಲಿ ಕುಳಿತು ತುತ್ತು ಕಲಸಿ ಕೊಟ್ಟೆ. ಯಾಕೆ ಹಾಗೆ ಮಾಡಿದೆನೆಂದು ಮನೆಯವರಿಗೆ ಸೋಜಿಗವಾಗಿತ್ತು.

ಪುನೀತರ ಎರಡು ಕಣ್ಣುಗಳ ಪಾರದರ್ಶಕ ಪೊರೆಗಳನ್ನು ಪದರ ಬಿಡಿಸಿ ಬೆಂಗಳೂರಿನ ನಾರಾಯಣ ನೇತ್ರಾಲಯದವರು ನಾಲ್ವರಿಗೆ ದೃಷ್ಟಿ ಕೊಟ್ಟರು. ತಂದೆ ರಾಜಕುಮಾರರ ಕಣ್ಣುಗಳೂ 2006ರಲ್ಲಿ ದಾನವಾಗಿದ್ದವು. ಪುನೀತರ ನಂತರ ನಾಡಿನಲ್ಲಿ ನೇತ್ರದಾನಕ್ಕೆ ಹೆಸರು ಬರೆಸಿದವರ ಸಂಖ್ಯೆ ಬಹಳವಾಗಿ ಏರಿತು. ನಮ್ಮ ಮನೆಗಳಲ್ಲಿ ಇದಕ್ಕೆ ಇನ್ನೂ ಹಿಂಜರಿಕೆಯಿದೆಯಾದ್ದರಿಂದ ಎರಡು ಮಾತು ಹೇಳುತ್ತೇನೆ. ತೀರಿಕೊಂಡ ಆರು ಗಂಟೆಯೊಳಗೆ ತಿಳಿಸಿದರೆ ನೇತ್ರಭಂಡಾರದವರು ಮನೆಗೇ ಬರುತ್ತಾರೆ. ಅರ್ಧ ಗಂಟೆಯೊಳಗಿನ ಕೆಲಸ. ಮುಖ ವಿಕಾರವಾಗುವುದಿಲ್ಲ, ಸಮಾಧಿಕ್ರಿಯೆಗೆ ಯಾವ ಅಡ್ಡಿಯೂ ಇಲ್ಲ. ಕನ್ನಡಕ ಹಾಕಿದವರು, ಪೊರೆಯ ಶಸ್ತ್ರಚಿಕಿತ್ಸೆ ಆದವರು, ವಯಸ್ಸಾದವರು ಕೊಡಬಹುದು. ಮೊದಲೇ ಹೆಸರು ಬರೆಸಿದ್ದರೂ ಆ ಹೊತ್ತಿನಲ್ಲಿ ಮನೆಯವರ ಒಪ್ಪಿಗೆ ಬೇಕು. ನಾನು ಹೆಸರು ಬರೆಸಿ ನಾಲ್ಕು ವರ್ಷವಾಯಿತು. ಅರ್ಜಿ ತಂದುಕೊಟ್ಟವನು ಮೊಮ್ಮಗನೇ.

ಶಂಕರ್ ನಾಗರ ಚಿತ್ರಗಳನ್ನು ನನಗೆ ತೋರಿಸಿದವನೂ ಇವನೇ, ಕಳೆದ ಬೇಸಿಗೆಯಲ್ಲಿ. 'ಆಕ್ಸಿಡೆಂಟ್' ನೋಡಿದ ರಾತ್ರಿ ನಿದ್ದೆ ಬರಲಿಲ್ಲ. ರಾಜಕಾರಣಿಯ ಮಗನ ಕಾರು ಕಾಲುದಾರಿಯಲ್ಲಿ ಮಲಗಿದ ಬಡವರ ಮೇಲೆ ಹರಿಯುತ್ತದೆ, ಮುಚ್ಚಿಹಾಕುವ ಕೆಲಸ ನಡೆಯುತ್ತದೆ. 1985ರಲ್ಲಿ ಬಂದ, ರಾಷ್ಟ್ರಪ್ರಶಸ್ತಿ ಪಡೆದ ಚಿತ್ರ. ಅದನ್ನು ಮಾಡಿದವರು ಐದು ವರ್ಷದ ಮೇಲೆ ರಸ್ತೆಯಲ್ಲಿಯೇ ಸತ್ತರು. ಅರುಂಧತಿ ನಾಗ್ ಗಾಯಗಳಿಂದ ಚೇತರಿಸಿಕೊಂಡು, ವರ್ಷಗಟ್ಟಲೆ ಹಣ ಕೂಡಿಸಿ, ಬೆಂಗಳೂರಿನ ಜೆ.ಪಿ. ನಗರದಲ್ಲಿ 'ರಂಗಶಂಕರ' ನಾಟಕಮಂದಿರವನ್ನು 2004ರಲ್ಲಿ ತೆರೆದರು. ಸ್ಮಾರಕವೆಂದು ಅವರು ಮೂರ್ತಿ ನಿಲ್ಲಿಸಲಿಲ್ಲ, ದಿನವೂ ನಾಟಕ ಆಡುವ ಜಾಗ ಮಾಡಿದರು. ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದಲ್ಲಿ 'ಮಾಲ್ಗುಡಿ'ಯ ನೆನಪಿಗೆ ರೈಲ್ವೆಯವರು ಸಂಗ್ರಹಾಲಯ ಮಾಡಿದ್ದಾರೆ. ಆಗುಂಬೆಯ ದೊಡ್ಡಮನೆಯ ಜಗಲಿಯನ್ನು ನೋಡಲು ಜನ ಇಂದಿಗೂ ಬರುತ್ತಾರೆ. ಮೂಡುಬಿದಿರೆಯಿಂದ ನಾನು ಊರಿಗೆ ಮರಳುವ ದಾರಿಯೂ ಕಾರ್ಕಳ, ಹೆಬ್ರಿ, ಆಗುಂಬೆಯ ಮೇಲೆಯೇ.

ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು, ಬಿ.ಸಿ. ರೋಡಿನ ಮಾಲೆ, ಬೆಳ್ತಂಗಡಿಯವನ ಪ್ರಶ್ನೆ, ಪ್ರಸಾದನಿಲಯದ ಆ ರಾತ್ರಿ, ಎಲ್ಲವನ್ನೂ ಮೊಮ್ಮಗನಿಗೆ ಹೇಳಿದೆ. ಅವನು ಚಕ್ಕುಲಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜ, ಆ ಹುಡುಗನ ಹೆಸರು ಏನು?" ಎಂದ.

ಹೇಳಿದೆ. ಹೆಸರು, ತಂದೆಯ ಹೆಸರಿನ ಮೊದಲಕ್ಷರ, ಹುಬ್ಬಳ್ಳಿಯ ಬಡಾವಣೆ. ಪ್ರವೇಶದ ಪಟ್ಟಿಯಲ್ಲಿ ನಾನೇ ಬರೆದದ್ದು, ಮರೆತಿರಲಿಲ್ಲ.

"ಈಗ ಅವರಿಗೆ ಐವತ್ತರ ಹತ್ತಿರ ಆಗಿರ್ಬೇಕು," ಎಂದು ಲೆಕ್ಕ ಹಾಕಿದ. ಮೊಬೈಲು ತೆಗೆದು ಹೆಸರನ್ನು ಬರೆದುಕೊಂಡ. "ನಮ್ಮ ಹಾಸ್ಟೆಲಿನಲ್ಲಿ ಹುಬ್ಬಳ್ಳಿಯವರು ಹನ್ನೊಂದು ಜನ ಇದ್ದಾರೆ. ಅವರಪ್ಪಂದಿರು ಯಾರಾದ್ರೂ ಆಟೋ ಸಂಘದೋರನ್ನ ಬಲ್ಲೋರು ಇದ್ದೇ ಇರ್ತಾರೆ. ಕೇಳಿಸ್ತೀನಿ."

ಶಿವಮೊಗ್ಗದ ಬಸ್ಸು ಬಂದಿತು. ಅವನು ನನ್ನ ಚೀಲವನ್ನು ಮೇಲಕ್ಕೆ ಕೊಟ್ಟು, ಕಿಟಕಿಯ ಬಳಿ ನಿಂತು, ಬಡಾವಣೆಯ ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡ.